ಮೂರು ‘ರೆ’ಗಳ ಆಟ

ಕನ್ನಡದಲ್ಲಿ ಒಂದು ಪುಟ್ಟ ಅಕ್ಷರವಿದೆ: ‘ರೆ’. ಮಳೆ ಬಂದರೆ, ಬಸ್ಸು ಸಿಕ್ಕರೆ, ಪರೀಕ್ಷೆ ಸುಲಭವಾಗಿದ್ದರೆ. ನಮ್ಮ ರೋಣ–ಗಜೇಂದ್ರಗಡದ ಕಡೆ ಮಾತಿನಲ್ಲಿ ಅದು ‘ರ’ ಆಗುತ್ತದೆ: ಬಂದ್ರ, ಸಿಕ್ರ, ಇದ್ರ. ಹಿರಿಯರಿಗೆ ಈ ಅಕ್ಷರದ ಮೇಲೆ ಅಷ್ಟೇನೂ ನಂಬಿಕೆಯಿಲ್ಲ. ‘ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಅನ್ನಬಹುದು’ ಎಂದು ನಗುತ್ತಾರೆ. ಆದರೆ ನಮ್ಮ ಮುಶಿಗೇರಿಯಲ್ಲಿ ಯಾವ ರೈತನೂ ‘ರೆ’ ಇಲ್ಲದೆ ಬಿತ್ತುವುದಿಲ್ಲ. ಮಿರಗದ ಮಳೆ ಆದರೆ ಹೆಸರು, ಹಿಂಗಾರಿ ಕೈಹಿಡಿದರೆ ಬಿಳಿಜೋಳ, ಕಡಲೆ. ಹೊಲದ ಲೆಕ್ಕಕ್ಕೆ ಬೇಕಾದ ಈ ಅಕ್ಷರ ಇತಿಹಾಸದ ಲೆಕ್ಕಕ್ಕೆ ಮಾತ್ರ ಬೇಡವೆಂದರೆ ಹೇಗೆ?

ಈ ಅಂಕಣಕ್ಕೆ ಮಕ್ಕಳು ಕಳಿಸುವ ಪ್ರಶ್ನೆಗಳಲ್ಲಿ ‘ರೆ’ ಪ್ರಶ್ನೆಗಳೇ ಹೆಚ್ಚು. ಕಿತ್ತೂರು ಗೆದ್ದಿದ್ದರೆ? ರಾಯಣ್ಣ ಸಿಕ್ಕಿಬೀಳದಿದ್ದರೆ? ಮನೆಯಲ್ಲೂ ಅದೇ ಪಾಡು. ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಕ್ಕಳನ್ನು ನರಗುಂದದ ಗುಡ್ಡ ಹತ್ತಿಸಿಕೊಂಡು ಬಂದೆ. ಅಂದು ರಾತ್ರಿ ಊಟಕ್ಕೆ ಕೂತಾಗ ಏಳನೆಯ ತರಗತಿಯ ಮೊಮ್ಮಗಳು ಕೇಳಿದಳು: “ಅಜ್ಜಾ, ಬಾಬಾಸಾಹೇಬ್ರು ಗೆದ್ದಿದ್ರ ಏನ್ ಆಗ್ತಿತ್ತು?”

‘ಇತಿಹಾಸದಲ್ಲಿ ರೆ ಇಲ್ಲ’ ಎಂದು ಹೇಳಿ ಬಾಯಿ ಮುಚ್ಚಿಸುವುದು ಸುಲಭ. ‘ಬ್ರಿಟಿಷರು ಅಂದೇ ಓಡಿಹೋಗುತ್ತಿದ್ದರು’ ಎಂದು ಹೇಳಿ ಖುಷಿಪಡಿಸುವುದು ಇನ್ನೂ ಸುಲಭ. ಎರಡನ್ನೂ ಬಿಟ್ಟು ನಾವು ಅದನ್ನೊಂದು ಆಟವಾಗಿ ಆಡಿದೆವು. ನೀವೂ ಮನೆಮಂದಿಯೆಲ್ಲ ಕೂತು ಆಡಬಹುದು. ಆದರೆ ಆಟಕ್ಕೆ ಮೊದಲು ನಿಜವಾಗಿ ನಡೆದದ್ದು ಗೊತ್ತಿರಬೇಕು. ನಡೆದದ್ದು ಗೊತ್ತಿಲ್ಲದವನಿಗೆ ‘ನಡೆಯದಿದ್ದರೆ’ ಎನ್ನುವ ಹಕ್ಕಿಲ್ಲ.

ನಡೆದದ್ದು

ನರಗುಂದ ಆಗ ಒಂದು ಚಿಕ್ಕ ಸಂಸ್ಥಾನ. ಭಾವೆ ಮನೆತನದ ಭಾಸ್ಕರರಾವ್ ಅದರ ಒಡೆಯರು. ಜನ ಅವರನ್ನು ಬಾಬಾಸಾಹೇಬ ಎಂದೇ ಕರೆಯುತ್ತಿದ್ದರು. ಪುಸ್ತಕಪ್ರಿಯರು, ಅವರ ಸಂಸ್ಕೃತ ಗ್ರಂಥಭಂಡಾರ ಹೆಸರಾಗಿತ್ತು. ಅವರಿಗೆ ಗಂಡು ಸಂತಾನ ಉಳಿಯಲಿಲ್ಲ. ದತ್ತು ತೆಗೆದುಕೊಳ್ಳಲು ಈಸ್ಟ್ ಇಂಡಿಯಾ ಕಂಪನಿಯ ಅಪ್ಪಣೆ ಕೇಳಿದರು. ಕಂಪನಿ ಒಪ್ಪಲಿಲ್ಲ. ಅಂದರೆ ಬಾಬಾಸಾಹೇಬರು ಕಣ್ಣು ಮುಚ್ಚಿದ ದಿನವೇ ನರಗುಂದ ಕಂಪನಿಯ ಪಾಲು. ಕಿತ್ತೂರಿನ ರಾಣಿ ಚೆನ್ನಮ್ಮನ ದತ್ತು ಮಗನ ಕಥೆ ನಿಮಗೆ ಗೊತ್ತಿದೆಯಲ್ಲ, ಅದೇ ಗಾಯ ಇದು.

ಇನ್ನೂ ಎರಡು ಗಾಯಗಳಿದ್ದವು. ಒಂದು, ಇನಾಂ ಭೂಮಿಯ ದಾಖಲೆಗಳನ್ನು ಕೆದಕಿ, ಪತ್ರ ತೋರಿಸಲಾಗದವರ ಹೊಲ ಕಿತ್ತುಕೊಳ್ಳುತ್ತಿದ್ದ ಇನಾಂ ಆಯೋಗ. ಇನ್ನೊಂದು, ಮನೆಯಲ್ಲಿರುವ ಆಯುಧವನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಬೇಕೆಂಬ 1857ರ ಕಾಯ್ದೆ.

ಆಯುಧದ ಕಾಯ್ದೆಗೆ ಮೊದಲು ಸಿಡಿದವರು ಅರಸರಲ್ಲ, ಹಲಗಲಿಯ ಬೇಡರು. 1857ರ ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಹಲಗಲಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ 19 ಜನರನ್ನು ಗಲ್ಲಿಗೇರಿಸಿದರು. 1858ರ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರು ಎದ್ದರು, ಸೋತರು, ಸೆರೆಸಿಕ್ಕರು. ಮೇ ಕೊನೆಯ ವಾರ ಮುಂಡರಗಿ ಭೀಮರಾಯರ ಸರದಿ. ಹಮ್ಮಿಗಿಯ ಕೆಂಚನಗೌಡರ ಊರಲ್ಲಿ ಬಚ್ಚಿಟ್ಟಿದ್ದ ಆಯುಧಗಳು ಅಧಿಕಾರಿಗಳ ಕಣ್ಣಿಗೆ ಬಿದ್ದವು. ಇನ್ನು ಕಾಯುವಂತಿರಲಿಲ್ಲ. ಇಬ್ಬರೂ ಡಂಬಳದ ಖಜಾನೆ ವಶಪಡಿಸಿಕೊಂಡು, ಗದಗಿನ ಮೇಲೆ ಹೋಗಿ, ಕೊನೆಗೆ ಕೊಪ್ಪಳದ ಕೋಟೆ ಸೇರಿದರು.

ಸುದ್ದಿ ನರಗುಂದಕ್ಕೂ ತಲುಪಿತು. ಕಂಪನಿಯ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೆಲವೇ ಸವಾರರೊಡನೆ ರಾಮದುರ್ಗದ ಕಡೆಯಿಂದ ಬರುತ್ತ ಸುರೇಬಾನದಲ್ಲಿ ತಂಗಿದ್ದ. ಈ ಮ್ಯಾನ್ಸನ್ ಹಿಂದೆ ಇನಾಂ ಆಯೋಗದಲ್ಲಿ ಕೆಲಸ ಮಾಡಿದವನು. ಮೇ 29ರ ರಾತ್ರಿ ಬಾಬಾಸಾಹೇಬರು ತಮ್ಮ ಕುದುರೆಯವರೊಂದಿಗೆ ಸುರೇಬಾನದ ಮೇಲೆ ಬಿದ್ದರು. ಮ್ಯಾನ್ಸನ್ ಸತ್ತ. ಅವನ ತಲೆಯನ್ನು ತಂದು ನರಗುಂದದ ಅಗಸಿಗೆ ತೂಗುಹಾಕಿದರು.

ಜೂನ್ 1ರಂದು ಕರ್ನಲ್ ಮಾಲ್ಕಮ್ ಸೈನ್ಯ ತಂದ. ನರಗುಂದದವರು ಬಯಲಿಗಿಳಿದು ಎದುರಿಸಿದರು. ಬಯಲಿನಲ್ಲಿ ಕಂಪನಿಯ ಕುದುರೆಪಡೆಗೆ ಸಾಟಿಯಿರಲಿಲ್ಲ. ಅಂದೇ ಊರು ಹೋಯಿತು. ಮರುದಿನ ಗುಡ್ಡದ ಮೇಲಿನ ಕೋಟೆಯೂ ಹೆಚ್ಚು ಹೋರಾಟವಿಲ್ಲದೆ ಕೈಬಿಟ್ಟಿತು. ತಪ್ಪಿಸಿಕೊಂಡಿದ್ದ ಬಾಬಾಸಾಹೇಬರನ್ನು ತೊರಗಲ್ಲಿನ ಕಾಡಿನಲ್ಲಿ ಪೊಲೀಸ್ ಅಧಿಕಾರಿ ಸೌಟರ್ ಹಿಡಿದ. ಅದೇ ಜೂನ್ 1ರಂದು, ಇಲ್ಲಿಂದ ನೂರು ಕಿಲೋಮೀಟರಿನಷ್ಟು ದೂರದ ಕೊಪ್ಪಳದಲ್ಲಿ, ಬಳ್ಳಾರಿಯಿಂದ ಬಂದ ಮೇಜರ್ ಹ್ಯೂಸನ ಪಡೆ ಕೋಟೆಗೆ ನುಗ್ಗಿತು. ಭೀಮರಾಯರೂ ಕೆಂಚನಗೌಡರೂ ಅಲ್ಲೇ ಮಡಿದರು.

ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಅವರ ತಾಯಿಯೂ ಹೆಂಡತಿಯೂ ಮಲಪ್ರಭೆಯ ಪಾಲಾದರು. ನರಗುಂದ ಸಂಸ್ಥಾನ ಕಂಪನಿಯ ಧಾರವಾಡ ಜಿಲ್ಲೆಯೊಳಗೆ ಸೇರಿಹೋಯಿತು. ಸುರೇಬಾನದ ರಾತ್ರಿಯಿಂದ ಬೆಳಗಾವಿಯ ಗಲ್ಲಿನವರೆಗೆ ಬೆರಳು ಮಡಚಿ ಎಣಿಸಿ: ಹದಿನೈದು ದಿನ.

ಆಟದ ನಿಯಮ

ನಾವು ಹಾಕಿಕೊಂಡ ನಿಯಮ ಮೂರೇ. ಮೊದಲನೆಯದು: ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಬೇಕು. ಎರಡನೆಯದು: ನಮ್ಮವರು ಜಾಣರಾದ ಕೂಡಲೇ ಎದುರಾಳಿ ದಡ್ಡನಾಗುವಂತಿಲ್ಲ. ಅವನೂ ತನ್ನ ಕಾಯಿ ನಡೆಸುತ್ತಾನೆ. ಮೂರನೆಯದು: ದಿನ, ದೂರ, ಮಳೆ, ಕಾಳುಕಡಿ ಇವಕ್ಕೆ ಲೆಕ್ಕ ಕೊಡಬೇಕು. ಬರೇ ಶೌರ್ಯದಿಂದ ಎತ್ತಿನ ಬಂಡಿ ಓಡುವುದಿಲ್ಲ.

ಆರನೆಯ ತರಗತಿಯ ಮೊಮ್ಮಗ ಮೊದಲೇ ಕೈ ಎತ್ತಿದ. “ಹಲಗಲಿ, ಸುರಪುರ, ಮುಂಡರಗಿ, ನರಗುಂದ ಎಲ್ಲಾರೂ ಒಂದ ದಿನ ಎದ್ದಿದ್ರ?” ಕೇಳಲು ಚೆಂದ. ಆಡು–ಹುಲಿ ಆಟ ಆಡಿದವರಿಗೆ ಗೊತ್ತು, ಆಡುಗಳು ಒಟ್ಟಿಗೆ ಸುತ್ತುಗಟ್ಟಿದರೆ ಹುಲಿ ಕದಲಲಾರದು. ಒಂದೊಂದೇ ಮುಂದೆ ಬಂದರೆ ಒಂದೊಂದನ್ನೇ ತಿನ್ನುತ್ತದೆ. ಇಲ್ಲಿ ಆದದ್ದೂ ಹಾಗೆಯೇ. ನವೆಂಬರಿನಲ್ಲಿ ಹಲಗಲಿಗೆ ಬಂದ ಮಾಲ್ಕಮ್, ಫೆಬ್ರುವರಿಯಲ್ಲಿ ಸುರಪುರದ ಕಡೆ ಹೋದ ಮಾಲ್ಕಮ್, ಜೂನಿನಲ್ಲಿ ನರಗುಂದಕ್ಕೆ ಬಂದ ಮಾಲ್ಕಮ್, ಮೂರೂ ಒಬ್ಬನೇ! ಒಂದು ಕಡೆ ಕೆಲಸ ಮುಗಿಸಿ ಇನ್ನೊಂದು ಕಡೆ ಹೋಗಲು ಅವನಿಗೆ ಬೇಕಾದಷ್ಟು ಬಿಡುವು ಸಿಕ್ಕಿತು.

ಆದರೂ ಈ ‘ರೆ’ಯನ್ನು ನಾವು ಕೈಬಿಡಬೇಕಾಯಿತು. ಏಕೆಂದರೆ ಅದು ಒಂದಲ್ಲ, ನಾಲ್ಕು. ಹಲಗಲಿಯವರ ಸಿಟ್ಟು ಆಯುಧದ್ದು. ಬಾಬಾಸಾಹೇಬರ ಸಿಟ್ಟು ದತ್ತಿನದು. ಭೀಮರಾಯರು ಕಂಪನಿಯ ಕೆಲಸದಲ್ಲಿದ್ದು ಅದನ್ನು ಕಳೆದುಕೊಂಡವರು. ಒಬ್ಬರ ಮನೆಗೆ ಬೆಂಕಿ ಬಿದ್ದಾಗ ಇನ್ನೊಬ್ಬರು ಇನ್ನೂ ಅರ್ಜಿ ಬರೆಯುತ್ತಿದ್ದರು. ಬೇರೆಬೇರೆ ನೋವು ಒಂದೇ ದಿನ ಹಣ್ಣಾಗಲಿಲ್ಲ. ಆದ್ದರಿಂದ ಸಣ್ಣ ‘ರೆ’ಗಳನ್ನೇ ಹಿಡಿದೆವು.

ಮೊದಲ ‘ರೆ’: ಹಮ್ಮಿಗಿಯ ಆಯುಧ ಸಿಗದಿದ್ದರೆ?

ಮೇ ತಿಂಗಳಲ್ಲಿ ಆ ಆಯುಧಗಳ ಮೇಲೆ ಯಾರ ಕಣ್ಣೂ ಬೀಳಲಿಲ್ಲ ಎಂದುಕೊಳ್ಳಿ. ಭೀಮರಾಯರಿಗೆ ಅವಸರವಿಲ್ಲ. ಇನ್ನೂ ಮೂರು ವಾರ ಸದ್ದಿಲ್ಲದೆ ಜನ ಕೂಡಿಸುತ್ತಾರೆ. ಜೂನ್ 20ರ ಸುಮಾರಿಗೆ ಏಳುತ್ತಾರೆ.

ಮೂರು ವಾರದಲ್ಲಿ ಏನು ಮಹಾ ಬದಲಾಗುತ್ತದೆ ಎಂದು ಬೆಂಗಳೂರಿನ ಮೊಮ್ಮಕ್ಕಳು ಕೇಳಿದರು. ಮುಶಿಗೇರಿಯ ಮಕ್ಕಳು ಹಾಗೆ ಕೇಳುವುದಿಲ್ಲ. ನಡುವೆ ಮಿರಗ ಬರುತ್ತದೆ! ನರಗುಂದದಿಂದ ರೋಣದ ಮೇಲೆ ಕೊಪ್ಪಳದ ದಿಕ್ಕಿಗೆ ಹೋದರೆ ಕಣ್ಣು ಹಾಯುವಷ್ಟೂ ಎರೆಹೊಲ. ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಟ್ಟ ಈ ನೆಲ, ನಾಲ್ಕು ಹನಿ ಬಿದ್ದರೆ ಅಂಟಿನಂತಾಗುತ್ತದೆ. ಮಳೆಯಾದ ಮರುದಿನ ಹೊಲದಲ್ಲಿ ಹತ್ತು ಹೆಜ್ಜೆ ಇಡಿ, ಪ್ರತಿ ಚಪ್ಪಲಿಗೆ ಒಂದೊಂದು ಸೇರು ಮಣ್ಣು. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವವರೇ ಹೆಚ್ಚು. ಆ ನೆಲದಲ್ಲಿ ತೋಪಿನ ಗಾಡಿ ಎಳೆಯಬೇಕು!

ಮಾಲ್ಕಮ್ ಜೂನ್ 1ಕ್ಕೆ ನರಗುಂದ ಸೇರಿದ. ಮಿರಗಕ್ಕೆ ಇನ್ನೂ ಕೆಲವು ದಿನಗಳಿದ್ದವು. ಅಂದರೆ ವರ್ಷದಲ್ಲಿ ನೆಲ ಅತಿ ಗಟ್ಟಿಯಾಗಿರುವ ಹೊತ್ತಿನಲ್ಲೇ ಬಂಡಾಯ ಶುರುವಾಗಬೇಕಾಯಿತು. ಮೂರು ವಾರ ತಡವಾಗಿದ್ದರೆ ಅದೇ ದಾರಿ, ಅದೇ ತೋಪು, ಒಂದು ಮಳೆಗೆ ಅಚ್ಚಿನವರೆಗೂ ಹೂತುಹೋಗಬಹುದಿತ್ತು. ಪಶ್ಚಿಮಘಟ್ಟದಲ್ಲಿ ಮಳೆ ಹಿಡಿದರೆ ಮಲಪ್ರಭೆಯೂ ತುಂಬುತ್ತದೆ. ನವಿಲುತೀರ್ಥದ ಅಣೆಕಟ್ಟು ಇನ್ನೂ ಇಲ್ಲದ ಕಾಲ ಅದು. ನರಗುಂದವೂ ಕೊಪ್ಪಳವೂ ಒಂದೇ ದಿನ ಬೀಳುತ್ತಿರಲಿಲ್ಲ.

ಆದರೆ ಎರಡನೆಯ ನಿಯಮ ಮರೆಯಬೇಡಿ. ಮಳೆ ಇಬ್ಬರಿಗೂ ಮಳೆಯೇ. ಕೊಪ್ಪಳದಿಂದ ನರಗುಂದಕ್ಕೆ ಓಲೆ ಒಯ್ಯುವವನ ಕುದುರೆಯೂ ಅದೇ ಎರೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ದೊಡ್ಡ ಸಂಗತಿಯೂ ಇದೆ. ಭೀಮರಾಯರ ಜೊತೆ ಹೊರಟವರಲ್ಲಿ ಒಕ್ಕಲುತನದ ಮಕ್ಕಳಿದ್ದಾರಲ್ಲ? ಮಿರಗ ಸುರಿಯಿತೆಂದರೆ ಅವರ ಮನಸ್ಸು ಕೋಟೆಯಲ್ಲಿ ನಿಲ್ಲುವುದೇ? ಬಿತ್ತುವ ನಾಲ್ಕು ದಿನ ತಪ್ಪಿದರೆ ಇಡೀ ವರ್ಷ ತಪ್ಪಿತು. ಕೂರಿಗೆಯ ಹೊತ್ತಿನಲ್ಲಿ ಕತ್ತಿ ಹಿಡಿದು ನಿಲ್ಲು ಎಂದು ರೈತನಿಗೆ ಹೇಳುವುದು ಕಷ್ಟ.

ಮೊದಲ ‘ರೆ’ಗೆ ನಾವು ಕೊಟ್ಟ ತೀರ್ಪು: ಈ ‘ರೆ’ ಕೆಲವು ವಾರಗಳನ್ನು ಕೊಡುತ್ತದೆ, ಗೆಲುವನ್ನಲ್ಲ.

ಎರಡನೆಯ ‘ರೆ’: ಸುರೇಬಾನದಲ್ಲಿ ಮ್ಯಾನ್ಸನ್ ಬದುಕಿದ್ದರೆ?

ಬಾಬಾಸಾಹೇಬರು ಆ ರಾತ್ರಿ ಮ್ಯಾನ್ಸನ್‌ನನ್ನು ಕೊಲ್ಲದೆ, ಸೆರೆಹಿಡಿದು ಗುಡ್ಡದ ಮೇಲಿನ ಕೋಟೆಯಲ್ಲಿ ಕೂರಿಸಿದರು ಎಂದುಕೊಳ್ಳೋಣ. ಬಯಲಿಗಿಳಿಯದೆ ಬಾಗಿಲು ಹಾಕಿಕೊಂಡು ಕೂತರು ಎಂದೂ ಸೇರಿಸಿಕೊಳ್ಳೋಣ. ಒತ್ತೆಯಾಳನ್ನು ಇಟ್ಟುಕೊಂಡವನು ಬಯಲಿಗೆ ಇಳಿಯುವುದಿಲ್ಲವಲ್ಲ, ಅದು ಇದರ ಬಾಲ.

ಇದು ಬರೀ ಕಲ್ಪನೆಯಲ್ಲ, ಲೆಕ್ಕ ಹಾಕಲು ನಮ್ಮಲ್ಲೇ ಎರಡು ಉದಾಹರಣೆಗಳಿವೆ. ಒಂದು ಕಿತ್ತೂರು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತಾಗ ಸ್ಟೀವನ್ಸನ್, ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಕಿತ್ತೂರಿನವರ ಕೈಗೆ ಸಿಕ್ಕಿದ್ದರು. ಚೆನ್ನಮ್ಮ ಅವರನ್ನು ಕೊಲ್ಲಲಿಲ್ಲ. ಮಾತುಕತೆ ನಡೆಯಿತು. ಕಂಪನಿ ಮತ್ತೆ ಏರಿ ಬಂದದ್ದು ಡಿಸೆಂಬರ್ ಮೊದಲ ವಾರ. ಸುಮಾರು ನಲವತ್ತು ದಿನ ಸಿಕ್ಕಿತು. ಆ ನಲವತ್ತು ದಿನದಲ್ಲಿ ಕಂಪನಿ ಸುಮ್ಮನೆ ಕೂರಲಿಲ್ಲ, ದೊಡ್ಡ ಸೈನ್ಯ ಕೂಡಿಸಿತು ಎಂಬುದೂ ನಿಜ.

ಇನ್ನೊಂದು ಉದಾಹರಣೆ ನರಗುಂದದ್ದೇ. 1785ರಲ್ಲಿ ಟಿಪ್ಪು ಸುಲ್ತಾನರ ಸೈನ್ಯ ಇದೇ ಗುಡ್ಡಕ್ಕೆ ಮುತ್ತಿಗೆ ಹಾಕಿತ್ತು. ಆಗ ಇಲ್ಲಿದ್ದವರೂ ಭಾವೆ ಮನೆತನದವರೇ. ಪುಣೆಯಿಂದ ಸಹಾಯ ಬಂದೀತೆಂದು ಕಾಯುತ್ತ ಕೋಟೆ ತಿಂಗಳುಗಟ್ಟಲೆ ತಡೆದುಕೊಂಡಿತು, ಕೊನೆಗೆ ಶರಣಾಯಿತು. ಗುಡ್ಡ ಹತ್ತಿದವರಿಗೆ ಅದರ ಗುಟ್ಟು ಗೊತ್ತಾಗುತ್ತದೆ. ಸುತ್ತಲೂ ಬೋಳು ಬಯಲು, ನಡುವೆ ಒಂಟಿ ಗುಡ್ಡ, ಕಡಿದಾದ ಬಂಡೆ, ಮೇಲೆ ಮಳೆನೀರು ನಿಲ್ಲುವ ಹೊಂಡಗಳು. 1785ರಲ್ಲಿ ತಿಂಗಳುಗಟ್ಟಲೆ ನಿಂತ ಕೋಟೆ 1858ರಲ್ಲಿ ಒಂದೇ ದಿನಕ್ಕೆ ಹೋದದ್ದು ಕಲ್ಲಿನ ಸೋಲಲ್ಲ.

ಹಾಗಾದರೆ ಜೂನಿನಿಂದ ಅಕ್ಟೋಬರ್‌ವರೆಗೆ ಕೋಟೆ ನಿಂತಿತೆನ್ನಿ. ಅಕ್ಟೋಬರ್ ಯಾಕೆ? 1858ರ ಅಕ್ಟೋಬರ್ ಕೊನೆಗೆ ತಾತ್ಯಾ ಟೋಪೆ ನರ್ಮದಾ ನದಿ ದಾಟಿ ದಕ್ಷಿಣಕ್ಕೆ ಕಾಲಿಟ್ಟ. ಮರಾಠಾ ಸೀಮೆಯನ್ನೆಲ್ಲ ಎಬ್ಬಿಸುವ ಆಸೆ ಅವನದು. ಯಾರೂ ಏಳಲಿಲ್ಲ. ದೆಹಲಿ, ಲಖನೌ, ಝಾನ್ಸಿ, ಗ್ವಾಲಿಯರ್ ಎಲ್ಲವೂ ಆಗಲೇ ಹೋಗಿದ್ದವು. ಅವನು ಮತ್ತೆ ಉತ್ತರಕ್ಕೆ ತಿರುಗಿದ. ಮರುವರ್ಷ ಏಪ್ರಿಲ್‌ನಲ್ಲಿ ಶಿವಪುರಿಯಲ್ಲಿ ಅವನಿಗೂ ಗಲ್ಲಾಯಿತು. ಅವನು ನರ್ಮದೆ ದಾಟಿದಾಗ ‘ತೆಂಕಣದಲ್ಲಿ ನರಗುಂದದ ಕೋಟೆ ಇನ್ನೂ ನಿಂತಿದೆ’ ಎಂಬ ಒಂದೇ ಸುದ್ದಿ ಕಿವಿಗೆ ಬಿದ್ದಿದ್ದರೆ?

ಇಲ್ಲಿ ಮೊಮ್ಮಗ ಎದ್ದು ಕುಣಿದ. ನಾನು ಅಟ್ಲಾಸ್ ತೆಗೆದು ಸ್ಕೇಲ್ ಕೊಟ್ಟೆ. ನರ್ಮದೆಯಿಂದ ನರಗುಂದಕ್ಕೆ ಗೆರೆ ಎಳೆದರೆ ಏಳುನೂರು ಕಿಲೋಮೀಟರಿಗೂ ಹೆಚ್ಚು. ನಡುವೆ ಕಂಪನಿಯ ಮುಂಬಯಿ ಸೈನ್ಯ, ಮದರಾಸು ಸೈನ್ಯ, ಕಂಪನಿಯ ಪಕ್ಷ ಹಿಡಿದ ಹೈದರಾಬಾದಿನ ದಿವಾನ ಸಾಲಾರ್ ಜಂಗ್. ಸುದ್ದಿ ಹೋಗಲು ಕಂಪನಿಗೆ ತಂತಿ, ನಮ್ಮವರಿಗೆ ಕಾಲು. ಮೊಮ್ಮಗ ಮೆಲ್ಲಗೆ ಕೂತುಕೊಂಡ.

ಅಷ್ಟರಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಮನೆಯಾಕೆ ಅಲ್ಲಿಂದಲೇ ಕೇಳಿದಳು: “ಐದು ತಿಂಗಳು ಕ್ವಾಟ್ಯಾಗ ಕುಂತವ್ರಿಗೆ ಜ್ವಾಳ ಎಲ್ಲಿಂದ ಬರ್ತಿತ್ತು?”

ಇತಿಹಾಸದ ಪುಸ್ತಕಗಳಲ್ಲಿ ಈ ಪ್ರಶ್ನೆ ಅಷ್ಟಾಗಿ ಬರುವುದಿಲ್ಲ. ಆ ಕಾಲದಲ್ಲಿ ನಮ್ಮ ಕಡೆ ಜೋಳ ಇರುತ್ತಿದ್ದದ್ದು ಹಗೇವಿನಲ್ಲಿ. ನೆಲದಲ್ಲಿ ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಹಾಕುತ್ತಿದ್ದರು. ಬರ ಬಂದರೆ ಬದುಕಿಸುವ ಗಂಟು ಅದು. ಮುತ್ತಿಗೆ ಐದು ತಿಂಗಳು ನಡೆದಿದ್ದರೆ ರೋಣ, ಮುಶಿಗೇರಿ, ಗಜೇಂದ್ರಗಡದ ಸುತ್ತಲಿನ ಹಗೇವುಗಳಿಗೆ ಕೈಬೀಳುತ್ತಿತ್ತು. ಒಂದು ದಿನ ಕೋಟೆಯವರು ಬಂದು ‘ನಾಡಿಗಾಗಿ’ ಎಂದು ಹಗೇವು ತೆಗೆಸುತ್ತಾರೆ. ಮರುವಾರ ಕಂಪನಿಯವರು ಬಂದು ‘ಅವರಿಗೇಕೆ ಕೊಟ್ಟೆ’ ಎಂದು ಎತ್ತು ಹೊಡೆದುಕೊಂಡು ಹೋಗುತ್ತಾರೆ. ಹಲಗಲಿಗೆ ಇಟ್ಟ ಬೆಂಕಿಯನ್ನು ನೆನೆಸಿಕೊಳ್ಳಿ. ಉದ್ದನೆಯ ಯುದ್ಧ ಎಂದರೆ ಅಂಥ ಇನ್ನೆಷ್ಟು ಹಲಗಲಿಗಳು?

ಎರಡನೆಯ ‘ರೆ’ಗೆ ನಮ್ಮ ತೀರ್ಪು: ಈ ‘ರೆ’ ತಿಂಗಳುಗಳನ್ನು ಕೊಡುತ್ತದೆ. ಬೆಲೆಯನ್ನು ಕೋಟೆಯಲ್ಲಿ ಇಲ್ಲದವರಿಂದ ವಸೂಲು ಮಾಡುತ್ತದೆ.

ಮೂರನೆಯ ‘ರೆ’: ಬಾಬಾಸಾಹೇಬರು ಕಾದಿದ್ದರೆ?

ಮೂರರಲ್ಲಿ ನನ್ನ ನಿದ್ದೆ ಕೆಡಿಸಿದ ‘ರೆ’ ಇದು.

ಬಾಬಾಸಾಹೇಬರು ಏನೂ ಮಾಡಲಿಲ್ಲ ಎಂದುಕೊಳ್ಳಿ. ಸುರೇಬಾನಕ್ಕೆ ಹೋಗಲಿಲ್ಲ. ಹಲ್ಲು ಕಚ್ಚಿಕೊಂಡು ತಮ್ಮ ಪುಸ್ತಕಗಳ ನಡುವೆ ಕೂತರು. ಬರೀ ಐದು ತಿಂಗಳು.

1858ರ ನವೆಂಬರ್ 1ರಂದು ವಿಕ್ಟೋರಿಯಾ ರಾಣಿಯ ಘೋಷಣೆ ಹೊರಬಿತ್ತು. ಕಂಪನಿಯ ಆಳ್ವಿಕೆ ಮುಗಿದು ರಾಣಿಯ ಸರ್ಕಾರ ಬಂತು. ದೇಶೀ ಅರಸರ ಹಕ್ಕು, ಮಾನ, ಗೌರವ ಕಾಪಾಡುತ್ತೇವೆ, ಇನ್ನು ಹೊಸ ಸೀಮೆ ಸೇರಿಸಿಕೊಳ್ಳುವ ಆಸೆ ನಮಗಿಲ್ಲ ಎಂಬ ಮಾತು ಅದರಲ್ಲಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ವೈಸರಾಯ್ ಕ್ಯಾನಿಂಗ್ ಅನೇಕ ಅರಸರಿಗೆ ದತ್ತು ತೆಗೆದುಕೊಳ್ಳುವ ಸನದುಗಳನ್ನೇ ಕೊಟ್ಟ. ಯಾವುದನ್ನು ಕೇಳಿ ಬಾಬಾಸಾಹೇಬರು ಇಲ್ಲವೆನಿಸಿಕೊಂಡಿದ್ದರೋ ಅದೇ!

ಪಕ್ಕದ ರಾಮದುರ್ಗವನ್ನು ನೋಡಿ. ಅಲ್ಲಿನ ಅರಸರೂ ಅದೇ ಭಾವೆ ಮನೆತನದವರು. ಅವರು ಬಂಡಾಯಕ್ಕೆ ಸೇರಲಿಲ್ಲ. ಆ ಸಂಸ್ಥಾನ 1948ರಲ್ಲಿ ಭಾರತದೊಳಗೆ ವಿಲೀನವಾಗುವವರೆಗೂ ಉಳಿಯಿತು. ನರಗುಂದವೂ ಹಾಗೆಯೇ ಉಳಿಯುತ್ತಿತ್ತೋ ಏನೋ. ದತ್ತು ಮಗನೊಬ್ಬ ಗಾದಿಗೆ ಬರುತ್ತಿದ್ದ. ಗ್ರಂಥಭಂಡಾರ ಉಳಿಯುತ್ತಿತ್ತು. ಆ ತಾಯಿ, ಆ ಹೆಂಡತಿ ಹೊಳೆಗೆ ಹೋಗುತ್ತಿರಲಿಲ್ಲ.

ಇಷ್ಟು ಹೇಳಿ ನಾನು ಸುಮ್ಮನಾದೆ. ಮೊಮ್ಮಗನ ಮುಖ ಬಾಡಿತ್ತು. “ಹಂಗಾದ್ರ ಬಾಬಾಸಾಹೇಬ್ರು ಸುಮ್ನ ಸತ್ರೇನು?” ಎಂದ.

ಉತ್ತರ ನನ್ನಿಂದ ಬರಲಿಲ್ಲ. ಮೊಮ್ಮಗಳು ತಾಟಿನಲ್ಲಿದ್ದ ರೊಟ್ಟಿಯ ಚೂರು ಹಾಗೇ ಹಿಡಿದು ಯೋಚಿಸುತ್ತಿದ್ದಳು. ಆಮೇಲೆ ಹೇಳಿದಳು: “ಅಜ್ಜಾ, ಅವ್ರೊಬ್ರ ಕಾದಿದ್ರ ಅವ್ರಿಗೆ ಸಿಗ್ತಿತ್ತು. ಆದ್ರ ಎಲ್ಲಾರೂ ಕಾಕೊಂತ ಕುಂತಿದ್ರ ಆ ಘೋಷಣೆನ ಬರ್ತಿದ್ದಿಲ್ಲಲ್ಲ?”

ನೋಡಿ, ಮೂರನೆಯ ‘ರೆ’ಯ ತಿರುಳೇ ಇದು. ಹಲಗಲಿ, ಸುರಪುರ, ಝಾನ್ಸಿ, ನರಗುಂದ ಎಲ್ಲರೂ ಅರ್ಜಿ ಬರೆಯುತ್ತ ಕೂತಿದ್ದರೆ ಲಂಡನ್ನಿನಲ್ಲಿ ಯಾರೂ ತಮ್ಮ ನೀತಿ ಬದಲಿಸುವ ಗೋಜಿಗೆ ಹೋಗುತ್ತಿರಲಿಲ್ಲ. ಒಂದೊಂದು ಬಂಡಾಯವೂ ಸೋತಿತು, ನಿಜ. ಎಲ್ಲ ಸೋಲುಗಳೂ ಸೇರಿ ಗೆದ್ದವರನ್ನು ಹೆದರಿಸಿದವು. ‘ಇವರ ಗಾದಿಗೆ, ಇವರ ದತ್ತಿಗೆ ಇನ್ನು ಕೈಹಾಕಬಾರದು’ ಎಂಬ ಪಾಠ ಅವರಿಗೆ ಹಾಗೆ ಬಂತು. ಆ ಪಾಠದ ಫೀಸು ಕಟ್ಟಿದವರು ಒಬ್ಬರು, ಫಲ ಉಂಡವರು ಇನ್ನೊಬ್ಬರು. ಕಾದವರಿಗೆ ಸಿಕ್ಕದ್ದು ಕಾಯದವರು ಗಳಿಸಿಕೊಟ್ಟದ್ದು.

ಹಾಗೆಂದು ಈ ಫಲವನ್ನು ಅಳತೆ ಮೀರಿ ಹೊಗಳುವಂತೆಯೂ ಇಲ್ಲ. ಅರಸರಿಗೆ ಸನದು ಬಂತು. ಹಲಗಲಿಯ ಬೇಡರಿಗೆ ಏನು ಬಂತು? ಗಲ್ಲಿಗೇರಿದ 19 ಜನರ ಮನೆಗೆ ಯಾವ ಸನದೂ ಬರಲಿಲ್ಲ. ಬಾಬಾಸಾಹೇಬರೇ ಗೆದ್ದಿದ್ದರೂ ಮುಶಿಗೇರಿಯ ರೈತ ಕಂದಾಯ ಕಟ್ಟುವ ಕೈ ಬದಲಾಗುತ್ತಿತ್ತೇ ಹೊರತು ಕಂದಾಯ ತಪ್ಪುತ್ತಿರಲಿಲ್ಲ. ರೈತನೇ ತನ್ನ ಲೆಕ್ಕ ತಾನು ಕೇಳಲು ಇನ್ನೂ ಬಹಳ ಕಾಲ ಹಿಡಿಯಿತು. ಇಂದು ‘ನರಗುಂದ ಬಂಡಾಯ’ ಎಂದರೆ ನಮ್ಮ ಕಡೆಯ ಅನೇಕರಿಗೆ ಮೊದಲು ನೆನಪಾಗುವುದು 1858 ಅಲ್ಲ, 1980ರ ಜುಲೈ 21. ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆದ ದಿನ. ಒಂದೇ ಊರು, ಒಂದೇ ಹೆಸರು, ಎರಡು ಬಂಡಾಯ. ಮೊದಲನೆಯದರಲ್ಲಿ ರೈತ ಒಡೆಯನ ಹಿಂದೆ ನಡೆದಿದ್ದ. ಎರಡನೆಯದರಲ್ಲಿ ಅವನ ಮುಂದೆ ಯಾರೂ ಇರಲಿಲ್ಲ.

ಆಟದಿಂದ ಸಿಕ್ಕದ್ದು

ಮೂರು ‘ರೆ’ ಆಡಿ ಮುಗಿಸಿದಾಗ ನಮ್ಮಲ್ಲಿ ಯಾರೂ ಗೆದ್ದಿರಲಿಲ್ಲ. ಆದರೆ ಒಂದು ಸಂಗತಿ ಗಮನಕ್ಕೆ ಬಂತು. ನಮ್ಮ ಕಡೆ ಸೋಲಿನ ಕಥೆ ಹೇಳುವಾಗ ಒಬ್ಬ ದ್ರೋಹಿಯನ್ನು ಹುಡುಕುವುದು ರೂಢಿ. ‘ಅವನೊಬ್ಬ ಮೋಸ ಮಾಡದಿದ್ದರೆ ಗೆಲ್ಲುತ್ತಿದ್ದೆವು’ ಎನ್ನುತ್ತೇವೆ. ಅದು ಸೋಮಾರಿ ‘ರೆ’. ಅದನ್ನು ಹೇಳಿದ ಮೇಲೆ ಬೇರೆ ಏನನ್ನೂ ಯೋಚಿಸಬೇಕಿಲ್ಲ. ದುಡಿಯುವ ‘ರೆ’ ಹಾಗಲ್ಲ. ಮಳೆ ಯಾವಾಗ ಬಂತು, ಊರು ಎಷ್ಟು ದೂರ, ಜೋಳ ಯಾರದು, ಯಾರ ಸಿಟ್ಟು ಯಾವುದಕ್ಕೆ ಎಂದು ಕೇಳಿಸುತ್ತದೆ. ಅಟ್ಲಾಸ್ ತೆಗೆಸುತ್ತದೆ. ಒಲೆಯ ಮುಂದೆ ಕೂತವರ ಮಾತನ್ನೂ ಆಟದೊಳಗೆ ಸೇರಿಸಿಕೊಳ್ಳುತ್ತದೆ.

ಇನ್ನು ನಾಲ್ಕನೆಯ ‘ರೆ’ ನಿಮಗೆ ಬಿಟ್ಟದ್ದು. ಇಸವಿ 1858, ಮೇ ತಿಂಗಳ ಕೊನೆ. ನಿಮ್ಮ ಮನೆ ಮುಶಿಗೇರಿಯಲ್ಲಿದೆ. ಹಗೇವಿನಲ್ಲಿ ಒಂದು ವರ್ಷದ ಜೋಳವಿದೆ. ಹಟ್ಟಿಯಲ್ಲಿ ಒಂದು ಜೋಡಿ ಎತ್ತು. ಮಿರಗಕ್ಕೆ ವಾರವಿದೆ. ನಡುರಾತ್ರಿ ಯಾರೋ ಬಾಗಿಲು ತಟ್ಟುತ್ತಾರೆ. ಕುದುರೆಯಿಂದ ಇಳಿದ ಒಬ್ಬ ತರುಣ, ಮೈಯೆಲ್ಲ ಧೂಳು. “ಯಪ್ಪಾ, ಕೊಪ್ಪಳಕ್ಕ ಹೊಂಟೇವಿ. ಕಾಳು ಬೇಕು, ಎತ್ತು ಬೇಕು, ಬರೂದಾದ್ರ ನೀವೂ ಬರ್ರಿ” ಎನ್ನುತ್ತಾನೆ.

ಅವನಿಗೆ ಏನು ಹೇಳುತ್ತೀರಿ? ಮನೆಯಲ್ಲಿ ಅಜ್ಜ, ಅವ್ವ, ಅಪ್ಪ, ತಂಗಿ, ತಮ್ಮ ಒಬ್ಬೊಬ್ಬರೂ ತಮ್ಮ ಉತ್ತರ ಕೊಡಲಿ. ಒಬ್ಬರದು ಇನ್ನೊಬ್ಬರದಕ್ಕೆ ಹೊಂದದಿದ್ದರೆ ಜಗಳಾಡಬೇಡಿ, ಎರಡನ್ನೂ ಬರೆಯಿರಿ. ಒಂದು ಪುಟ ಮೀರದಂತೆ ಈ ಅಂಕಣಕ್ಕೆ ಕಳಿಸಿ. ನಿಯಮ ಮೂರೂ ನೆನಪಿರಲಿ: ಒಂದೇ ಬದಲಾವಣೆ, ಎದುರಾಳಿ ದಡ್ಡನಲ್ಲ, ಜೋಳಕ್ಕೆ ಲೆಕ್ಕ ಕೊಡಬೇಕು.